ಅಪ್ಪು ತಂದ ಹತ್ತು

42ರಲ್ಲಿ 17 ಕಳೆಯಬೇಕು. ಎರಡರಲ್ಲಿ ಏಳು ಹೋಗುವುದಿಲ್ಲ. ಮೂರನೆಯ ತರಗತಿಯ ಮಗು ಸಲೀಸಾಗಿ ಏಳರಲ್ಲೇ ಎರಡು ಕಳೆದು, 35 ಎಂದು ಬರೆದು ಸ್ಲೇಟು ತೋರಿಸುತ್ತದೆ. ಮೇಷ್ಟ್ರ ಕಣ್ಣಿಗೆ ಅದು ತಪ್ಪು, ಅಷ್ಟೇ. ಲೆಕ್ಕದಲ್ಲಿ ಹಿಂದೆ ಬಿದ್ದು, ಇನ್ನು ಶಾಲೆ ಸಾಕು ಎನ್ನುತ್ತಿರುವ ಎಂಟನೆಯ ತರಗತಿಯ ಹುಡುಗನಿಗೆ ಮಾತ್ರ ಅದು ಚೆನ್ನಾಗಿ ಗೊತ್ತಿರುವ ಗುಂಡಿ. ವರ್ಷಗಟ್ಟಲೆ ಅವನೂ ಅದರಲ್ಲೇ ಬಿದ್ದಿದ್ದ. ಹಾಗಾಗಿ ಆ ಮಗುವಿಗೆ ಹೇಳಿಕೊಡುವ ಕೆಲಸವನ್ನು ಅವನಿಗೇ ಕೊಡಬೇಕು.

ಆಂಧ್ರದ ಗಡಿಯ ಮೊಳಕಾಲ್ಮೂರಿನ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಬಹಳ. ಅಂಥವರಿಗೆ 'ದಶಕ ತಗೋ' ಎನ್ನುವುದಕ್ಕಿಂತ 'ಪಕ್ಕದ ಮನೇಲಿ ಅಪ್ಪು ತಗೋ' ಎಂದರೆ ಬೇಗ ತಿಳಿಯುತ್ತದೆ. ತೆಲುಗಿನಲ್ಲಿ ಅಪ್ಪು ಅಂದರೆ ಸಾಲ. ನಾಲ್ಕು ಮೂರಕ್ಕಿಳಿಯಿತು, ಎರಡು ಹನ್ನೆರಡಾಯಿತು, ಉತ್ತರ 25.

ಹೇಳಿಕೊಡುವುದಕ್ಕೂ ಕೈ ಪಳಗಬೇಕು. ಚಿಕ್ಕವರ ಬಳಪ ಕಿತ್ತುಕೊಳ್ಳಬಾರದು. ಉತ್ತರ ಬಾಯಿ ತುದಿಗೆ ಬಂದರೂ ನುಂಗಿಕೊಂಡು, 'ಹೆಂಗ್ ಬಂತು, ಹೇಳು' ಅನ್ನಬೇಕು. ಹಾಗೆ ಕೇಳಬೇಕಾದರೆ ತನಗೇ ಅದು ಹೇಗೆ ಬರುತ್ತದೆಂದು ಗೊತ್ತಿರಬೇಕಲ್ಲ! ಹಿಂದಿನ ರಾತ್ರಿ ಪುಸ್ತಕ ತೆರೆಯುವ ಕಾರಣ ಅಲ್ಲಿ ಹುಟ್ಟುತ್ತದೆ.

ಮಕ್ಕಳೇ ಮಕ್ಕಳಿಗೆ ಹೇಳಿಕೊಡುವುದು ಹೊಸದೇನಲ್ಲ. ಪಕ್ಕದ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸಿಗೆ ಬರೆದ ವರದಿಯಲ್ಲಿ ತನ್ನ ಜಿಲ್ಲೆಯ 533 ಶಾಲೆ, 6,641 ವಿದ್ಯಾರ್ಥಿಗಳ ಲೆಕ್ಕ ಕೊಟ್ಟಿದ್ದ. ಮುಂದಿರುವ ಮಕ್ಕಳಿಂದ ಹಿಂದಿರುವವರಿಗೆ ಪಾಠ ಹೇಳಿಸುವುದನ್ನೂ, ಅದರಿಂದ ಹೇಳುವವರ ಕಲಿಕೆ ಗಟ್ಟಿಯಾಗುವುದನ್ನೂ ಮೆಚ್ಚಿ ಬರೆದ. ಈ ಪದ್ಧತಿಯನ್ನು ಇಂಗ್ಲೆಂಡ್ ಅನುಕರಿಸಿದ್ದು ಸರಿಯೇ ಎಂದ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ: ಜನ ಬಡವರಾಗಿದ್ದಾರೆ, ಎಳೆಯ ಕೈಗಳೂ ದುಡಿಮೆಗೆ ಬೇಕಾಗಿವೆ, ಶಾಲೆಗಳು ಸೊರಗುತ್ತಿವೆ.

ಈ ಎರಡನೆಯ ಮಾತಿಗೂ ಉತ್ತರ ಹುಡುಕಿದ್ದು ಅಮೆರಿಕದ ಸ್ಯಾನ್ ಆಂಟೋನಿಯೊ. 1984ರಲ್ಲಿ ಅಲ್ಲಿ ಶುರುವಾದ ಕಾರ್ಯಕ್ರಮವೊಂದು ಹೇಳಿಕೊಡುವ ಕೆಲಸಕ್ಕೆ ರ‍್ಯಾಂಕಿನವರನ್ನು ಆರಿಸಲಿಲ್ಲ, ಶಾಲೆ ಬಿಡುವ ಅಂಚಿನಲ್ಲಿದ್ದವರನ್ನೇ ಆರಿಸಿತು. ಅವರ ಮುಂದೆ ಕೂರುವವರು ಪ್ರಾಥಮಿಕ ಶಾಲೆಯ ಪುಟ್ಟ ಮಕ್ಕಳು. ಮಾಡಿದ ಕೆಲಸಕ್ಕೆ ಭತ್ಯೆ. ಹೇಗೆ ಕಲಿಸಬೇಕೆಂದು ಕಲಿಯಲು ಅವರಿಗೇ ಬೇರೆ ತರಗತಿ. ನನಗೆ ಆ ಆಯ್ಕೆಯೇ ದೊಡ್ಡದಾಗಿ ಕಾಣುತ್ತದೆ. ಮೊದಲನೇ ಬೆಂಚಿನವನಿಗೆ ಗೌರವದ ಕೊರತೆ ಎಂದೂ ಇರಲಿಲ್ಲ.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲೂ ಸಹಪಾಠಿಗಳ ನೆರವಿನಿಂದ ಕಲಿಯುವ ಗುಂಪಿದೆ. ಆದರೆ ಅದು ಮೂರನೆಯ ತರಗತಿಗೆ ಮುಗಿಯುತ್ತದೆ, ಶಾಲೆ ಬಿಡುವ ಯೋಚನೆ ಹುಟ್ಟುವ ವಯಸ್ಸು ಇನ್ನೂ ದೂರವಿರುವಾಗಲೇ. ಮೊಳಕಾಲ್ಮೂರು ತಾಲ್ಲೂಕಿನದೇ ಆದ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ, ಶಿಷ್ಯ ಆಚಾರ್ಯನನ್ನು ಗೌರವಿಸಬೇಕೆಂದು ಬಂಡೆಯ ಮೇಲೆ ಕೊರೆಸಿದೆ. ಎಂಟನೆಯ ತರಗತಿಯ ಹಿಂದಿನ ಬೆಂಚಿನವನು ಆಚಾರ್ಯನಾಗುವುದೂ ಅದಕ್ಕೆ ಒಪ್ಪುತ್ತದೆಂದೇ ನನ್ನ ಲೆಕ್ಕ.

ಮಗ್ಗದ ಮನೆಯ ಅಂಥ ಹುಡುಗನಿಗೆ ಅಪ್ಪ, 'ಇವತ್ತು ಮನೇಲೇ ಇರೋ, ಕೆಲಸ ಐತೆ' ಅಂದರೆ ಅವನ ಬಾಯಲ್ಲೂ ಒಂದು ಉತ್ತರ ಇರುತ್ತದೆ: 'ಆಗಲ್ಲಪ್ಪ, ಪುಟ್ಟಿಗೆ ಇವತ್ತು ಭಾಗಾಕಾರ ಶುರು ಮಾಡ್ಬೇಕು.'