ಜೀವಕೋಶದ ಸೆಳೆತವನ್ನು ತೂಗುವ ಎಳೆ

ಗುಂಡ್ಲುಪೇಟೆಯ ಕಡೆಯ ಬಾಳೆತೋಟವೊಂದರಲ್ಲಿ ಒಣಗಿದ ಬಾಳೆಪಟ್ಟೆಯನ್ನು ಕೈಗೆತ್ತಿಕೊಳ್ಳೋಣ. ತುದಿಗೆ ಉಗುರು ತೂರಿಸಿ ಎರಡು ಕಡೆಗೆ ಸೆಳೆದರೆ ಅದು ಸರಸರನೆ ಸೀಳಿಹೋಗುತ್ತದೆ. ಅದನ್ನೇ ಉದ್ದಕ್ಕೆ ಹಿಡಿದು ಜಗ್ಗಿದರೆ ಸುಲಭವಾಗಿ ಕಡಿಯದು. ಅದರ ನಾರಿನಿಂದಲೇ ಅಲ್ಲವೇ ಹೂವಾಡಗಿತ್ತಿಯರು ಹಾರ ಕಟ್ಟುವುದು! ಪಟ್ಟೆ ಒಂದೇ, ಎಳೆಯುವ ಬಗೆ ಬೇರೆ. ಇಷ್ಟನ್ನು ನೆನಪಿನಲ್ಲಿಟ್ಟರೆ ಜೀವಕೋಶದ ಬಲವನ್ನು ಅಳೆಯುವ ಉಪಾಯವು ಅರ್ಧ ತಿಳಿದಂತೆಯೇ.

ಜೀವಕೋಶಕ್ಕೂ ಬಲವುಂಟೇ ಎಂದು ವಾಚಕರು ಕೇಳಬಹುದು. ಉಂಟು. ಗಾಯ ಮಾಯುವಾಗ ಚರ್ಮದ ಕೋಶಗಳು ನೆಲವನ್ನು ಕಚ್ಚಿ ತೆವಳುತ್ತವೆ; ನೆತ್ತರು ಹೆಪ್ಪುಗಟ್ಟುವಾಗ ಅದರೊಳಗಿನ ಕಿರುಬಿಲ್ಲೆಗಳು ಒಂದನ್ನೊಂದು ಸೆಳೆದು ಬಿಗಿಯುತ್ತವೆ. ಆದರೆ ಒಂದೊಂದು ಅಣುವಿನ ಮೇಲೆ ಬೀಳುವ ಸೆಳೆತವು ಕೆಲವೇ ಪಿಕೋನ್ಯೂಟನ್‌ಗಳು. ಒಂದು ರಾಗಿಕಾಳಿನ ತೂಕವೇ ಒಂದು ಕೋಟಿ ಪಿಕೋನ್ಯೂಟನ್‌ಗೂ ಮಿಗಿಲು! ಇಂಥ ಬಲವನ್ನು ತೂಗುವ ತಕ್ಕಡಿ ಯಾವುದು?

ಡಿ.ಎನ್.ಎ. ಎಂದೊಡನೆ ಆನುವಂಶಿಕತೆ ನೆನಪಾಗುವುದು ಸಹಜ. ಇಲ್ಲಿ ಆ ಮಾತು ಬೇಡ. ಅದರ ಎರಡು ಎಳೆಗಳು ಕೊಂಡಿಗಳಿಂದ ಕೂಡಿಕೊಂಡಿವೆ ಎಂಬುದಷ್ಟೇ ನಮಗೆ ಸಾಕು. 2013ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ತೇಕ್‌ಜಿಪ್ ಹಾ ಮತ್ತು ಅವರ ಸಹೋದ್ಯೋಗಿ ವಾಂಗ್ ಒಂದು ಎಳೆಯನ್ನು ಗಾಜಿಗೆ ಅಂಟಿಸಿ, ಇನ್ನೊಂದಕ್ಕೆ ಕೋಶವು ಹಿಡಿಯಬಲ್ಲ ಅಣುವೊಂದನ್ನು ಕಟ್ಟಿದರು. ಎರಡೂ ಒಂದೇ ತುದಿಯಲ್ಲಿದ್ದರೆ ಕೊಂಡಿಗಳು ಒಂದಾದ ಮೇಲೊಂದು ಬಿಚ್ಚುತ್ತವೆ. ಅದಕ್ಕೆ 12 ಪಿಕೋನ್ಯೂಟನ್ ಸಾಕು. ಎದುರುಬದುರು ತುದಿಗಳಲ್ಲಿದ್ದರೆ ಎಲ್ಲ ಕೊಂಡಿಗಳೂ ಒಟ್ಟಾಗಿ ತಡೆಯುತ್ತವೆ. ಆಗ 56 ಬೇಕು. ಕೋಶವು ಗಾಜಿನ ಮೇಲೆ ಕಾಲೂರಿ ಹರಡಿಕೊಳ್ಳಬೇಕಾದರೆ ಅದರ ಹಿಡಿಕೆಯ ಅಣುವೊಂದು ಸುಮಾರು 40 ಪಿಕೋನ್ಯೂಟನ್ ಸೆಳೆತವನ್ನು ತಾಳಬೇಕೆಂದು ಹೀಗೆ ತಿಳಿದುಬಂದಿತು.

ಕಡಿದ ದಾರವು ಮತ್ತೆ ಕೂಡದು. ಎಮರಿ ವಿಶ್ವವಿದ್ಯಾನಿಲಯದ ಖಾಲಿದ್ ಸಲೈತಾ ಅವರ ತಂಡವು ಬಳಸಿದ ಎಳೆ ಹೇರ್‌ಪಿನ್ನಿನಂತೆ ಮಡಿಚಿದ್ದು. ಅದರ ಒಂದು ಬದಿಗೆ ಹೊಳೆಯುವ ಅಣು, ಇನ್ನೊಂದು ಬದಿಗೆ ಆ ಹೊಳಪನ್ನು ನುಂಗುವ ಅಣು. ಕೋಶವು ಸೆಳೆದರೆ ಮಡಿಕೆ ಬಿಚ್ಚಿ ಬೆಳಕು ಮೂಡುತ್ತದೆ. ಬಿಟ್ಟರೆ ಮಡಿಚಿಕೊಂಡು ಆರುತ್ತದೆ. ನಮ್ಮ ಮೈಯ ಕಾವಲುಗಾರರಾದ ಟಿ-ಕೋಶಗಳು ಪರಕೀಯ ವಸ್ತುವನ್ನು ಬರಿದೆ ಮುಟ್ಟುವುದಿಲ್ಲ, 12ರಿಂದ 19 ಪಿಕೋನ್ಯೂಟನ್ ಬಲದಿಂದ ಜಗ್ಗಿ ಪರೀಕ್ಷಿಸುತ್ತವೆ ಎಂಬುದನ್ನು ಇಂಥ ಎಳೆಗಳಿಂದಲೇ 2016ರಲ್ಲಿ ಕಂಡುಕೊಂಡರು.

ಈ ವಿದ್ಯೆಯ ಸೋದರಿಯೊಬ್ಬಳು ನಮ್ಮಲ್ಲಿಯೇ ಬೆಳೆದಳು. 2009ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಯಮುನಾ ಕೃಷ್ಣನ್ ಮತ್ತು ಸಂಗಡಿಗರು ಡಿ.ಎನ್.ಎ.ಯಿಂದ ಮಾಡಿದ ಸಾಧನವನ್ನು ಸಜೀವ ಕೋಶದೊಳಕ್ಕೆ ಕಳುಹಿಸಿ ಆಮ್ಲತೆಯನ್ನು ಅಳೆದರು. ಅಳೆದದ್ದು ಬಲವನ್ನಲ್ಲ, ನಿಜ. ಆದರೂ ಜೀವಂತ ಕೋಶದೊಳಗೆ ಇಂಥ ಯಂತ್ರವು ಕೆಲಸ ಮಾಡಬಲ್ಲದೆಂಬುದು ಅಂದು ಸಿದ್ಧವಾಯಿತು. ತೊಡಕೂ ಉಂಟು. ಡಿ.ಎನ್.ಎ.ಯನ್ನು ತುಂಡರಿಸುವ ಕಿಣ್ವಗಳು ಕೋಶಗಳಲ್ಲಿವೆ. ಎಳೆ ಕಡಿದದ್ದು ಸೆಳೆತದಿಂದಲೋ ಕಿಣ್ವದಿಂದಲೋ ಎಂಬ ಅನುಮಾನವನ್ನು ಪ್ರತಿ ಪ್ರಯೋಗದಲ್ಲಿಯೂ ಬಗೆಹರಿಸಿಕೊಳ್ಳಬೇಕು.

ಗಾಜಿನ ಮೇಲಿನ ಈ ಆಟದಿಂದ ರೋಗಿಗೇನು ಎಂಬ ಪ್ರಶ್ನೆಗೆ ನಾವು ದೂರ ಹೋಗಬೇಕಿಲ್ಲ. ಚಾಮರಾಜನಗರ ಜಿಲ್ಲೆಯ ಸೋಲಿಗರಲ್ಲಿ ಕುಡುಗೋಲು ಕಣದ ರಕ್ತಹೀನತೆ ಕಂಡುಬಂದಿದೆ. ಈ ರೋಗದಲ್ಲಿ ಕೆಂಪು ಕಣಗಳು ಬಿರುಸಾಗಿ ಬಾಗಿ, ರಕ್ತನಾಳದ ಗೋಡೆಗೆ ಅಂಟಿ ದಾರಿಗಟ್ಟುತ್ತವೆ, ನೋವು ಅಸಹನೀಯ. ನೆತ್ತರಿನ ಹರಿವಿಗೆ ಎದುರಾಗಿ ನಿಲ್ಲುವ ಆ ಹಿಡಿತ ಎಷ್ಟು ಪಿಕೋನ್ಯೂಟನ್, ಯಾವ ಮದ್ದು ಅದನ್ನು ಎಷ್ಟು ಸಡಿಲಿಸೀತು ಎಂದು ಕೇಳಲು ಈ ಎಳೆಯು ತಕ್ಕ ಸಾಧನವೆಂದು ನಮಗೆ ತೋರುತ್ತದೆ. ರೋಗವನ್ನು ಗುರುತಿಸುವುದಕ್ಕಾದರೋ ಇದಾವುದೂ ಬೇಡ. ಬೆರಳ ತುದಿಯ ಒಂದು ಹನಿ ನೆತ್ತರಿನಿಂದಲೇ ಪರೀಕ್ಷೆಯನ್ನು ಆರಂಭಿಸಬಹುದು.