ಕೊನೆಯ ಮನೆಯ ನಳವೇ ಜಾಲದ ಅಳತೆಗೋಲು

ದೇವರ ಹಿಪ್ಪರಗಿ ತಾಲ್ಲೂಕಿನಂತಹ ಕಡಿಮೆ ಮಳೆಯ ಪ್ರದೇಶದಲ್ಲಿ ಕುಡಿಯುವ ನೀರಿನ ಜಾಲದ ಕಾರ್ಯಕ್ಷಮತೆಯನ್ನು ನಳ ಸಂಪರ್ಕಗಳ ಸಂಖ್ಯೆಯಿಂದಷ್ಟೇ ನಿರ್ಧರಿಸಲಾಗದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಮೂರು ಅಂಶಗಳನ್ನು ಗಮನಿಸುತ್ತದೆ: ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು, ನಿಗದಿತ ಗುಣಮಟ್ಟ ಹಾಗೂ ನಿಯಮಿತ ಪೂರೈಕೆ. ಇವುಗಳನ್ನು ಟ್ಯಾಂಕಿನ ಬಳಿಯಲ್ಲ, ಕೊಳವೆಮಾರ್ಗದ ಕೊನೆಯ ಮನೆಯಲ್ಲಿ ಪರಿಶೀಲಿಸುವುದು ಅವಶ್ಯಕ.

ಪ್ರಮಾಣ: ಐವರ ಕುಟುಂಬಕ್ಕೆ ದಿನಕ್ಕೆ 275 ಲೀಟರ್ ಬೇಕು. ಪ್ರತಿದಿನ ಒಂದು ಗಂಟೆ ನೀರು ಬಿಡುವಲ್ಲಿ 10 ಲೀಟರಿನ ಬಕೆಟ್ ಸುಮಾರು 130 ಸೆಕೆಂಡುಗಳಲ್ಲಿ ತುಂಬಬೇಕು. ದಿನ ಬಿಟ್ಟು ದಿನ ಒಂದು ಗಂಟೆ ಬಿಡುವಲ್ಲಿ 65 ಸೆಕೆಂಡುಗಳಲ್ಲಿ. ಹೆಚ್ಚು ಸಮಯ ತಗುಲಿದಲ್ಲಿ ವಾಲ್ವ್, ಸೋರಿಕೆ ಮತ್ತು ನಳಕ್ಕೆ ನೇರವಾಗಿ ಜೋಡಿಸಿದ ಮೋಟಾರುಗಳನ್ನು ತಪಾಸಣೆ ಮಾಡಬೇಕು.

ಸೋರಿಕೆ: ಪಂಪ್ ನಿಲ್ಲಿಸಿ, ಎಲ್ಲ ಮನೆಗಳ ನಳ ಮುಚ್ಚಿಸಿ, ವಿತರಣಾ ವಾಲ್ವ್ ತೆರೆದು ಟ್ಯಾಂಕಿನ ಮಟ್ಟವನ್ನು ಅಳೆಯಬೇಕು. 2.5 ಮೀಟರ್ ಆಳದ 50,000 ಲೀಟರ್ ಟ್ಯಾಂಕಿನಲ್ಲಿ ಮಟ್ಟವು 10 ಸೆಂ.ಮೀ. ಇಳಿದರೆ 2,000 ಲೀಟರ್ ಪೋಲಾದಂತೆ. ಇದು ಐವರ ಕುಟುಂಬದ ಒಂದು ವಾರದ ನೀರು.

ಗುಣಮಟ್ಟ: ಪೂರೈಕೆ ನಿಂತಾಗ ಒಡೆದ ಜೋಡಣೆಗಳ ಮೂಲಕ ಚರಂಡಿ ನೀರು ಕೊಳವೆಯೊಳಗೆ ಸೇರುವ ಸಂಭವವಿದ್ದು, ಸೋರಿಕೆಯು ವಾಂತಿ-ಭೇದಿಗೂ ಕಾರಣವಾಗಬಲ್ಲದು. ಆದ್ದರಿಂದ ಕೊನೆಯ ನಳದಲ್ಲಿ ಉಳಿಕೆ ಕ್ಲೋರಿನ್ ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮೀರಿದಲ್ಲಿ ಆ ಮೂಲವನ್ನು ಕುಡಿಯಲು ಬಳಸತಕ್ಕದ್ದಲ್ಲ.

ಸದಸ್ಯರು ತಮ್ಮ ವಾರ್ಡಿನ ಕೊನೆಯ ಮನೆಯಲ್ಲಿ ನೀರಗಂಟಿಯ ಸಮಕ್ಷಮ ತಿಂಗಳಿಗೊಮ್ಮೆ ಈ ಅಳತೆಗಳನ್ನು ಪಡೆದು, ವಹಿಯಲ್ಲಿ ದಾಖಲಿಸಿ, ಗ್ರಾಮ ಸಭೆಯ ಮುಂದೆ ಮಂಡಿಸುವುದು ಸೂಕ್ತ. ಕೊನೆಯ ಮನೆಗೆ ನೀರು ಸರಿಯಾಗಿ ತಲುಪಿದಲ್ಲಿ ಮಾತ್ರ ಜಾಲವು ಕಾರ್ಯನಿರತವೆಂದು ಪರಿಗಣಿಸಬಹುದು.