ಅದು ತಂಬೂರಿಯಲ್ಲ, ಕರೆಂಟಿನ ಗುಂಯ್

‘ತಂಬೂರಿ ಎಷ್ಟು ಚೆನ್ನಾಗಿ ಕೇಳಿಸ್ತಿದೆ ಕಣೋ’ ಅಂದರು ಅಪ್ಪ. ನಾನೂ ಬೀಗಿದೆ. ಆದರೆ ಮಲ್ಲಿಕಾರ್ಜುನ ಮನ್ಸೂರರ ಹಾಡು ಮುಗಿದರೂ ತಂಬೂರಿ ನಿಲ್ಲಲಿಲ್ಲ. ಪ್ಲೇಯರ್ ಮುಚ್ಚಿದೆ. ಆಗಲೂ ಸ್ಪೀಕರ್‌ನಿಂದ ಗುಂಯ್ ಎಂಬ ಸದ್ದು ಬರುತ್ತಲೇ ಇತ್ತು.

ಇಂಟರ್ನ್‌ಶಿಪ್‌ನ ಸ್ಟೈಪೆಂಡ್‌ನಲ್ಲಿ 5,500 ರೂಪಾಯಿ ಕೊಟ್ಟು ಡ್ಯಾಕ್ ತಂದು ಆಗಿದ್ದು ಎರಡೇ ದಿನ. ಅಪ್ಪ ಮದುವೆಗೂ ಮುಂಚೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮಾಡಿಸಿಕೊಂಡಿದ್ದ ಅಸೆಂಬಲ್ಡ್ ಆಂಪ್ಲಿಫೈಯರ್ ಮತ್ತು ಎರಡು ಮರದ ಸ್ಪೀಕರ್ ಡಬ್ಬಿಗಳು ನಮ್ಮ ಮನೆಯಲ್ಲಿವೆ. ಅವನ್ನು ಗುಜರಿಗೆ ಹಾಕಿ ಒಂದು ಬ್ಲೂಟೂತ್ ಸ್ಪೀಕರ್ ತರೋಣ ಎಂದು ಅಮ್ಮ ಹೇಳುತ್ತಲೇ ಇದ್ದಳು. ‘ಬೇಡಮ್ಮ, ಡ್ಯಾಕ್ ಒಂದು ಬಂದರೆ ಹೊಸದರ ಹಾಗೆ ಹಾಡುತ್ತೆ’ ಎಂದು ತಡೆದವನು ನಾನು. ಈಗ ಅದು ಹಾಡುವ ಬದಲು ಗುಂಯ್‌ಗುಟ್ಟುತ್ತಿತ್ತು.

ಡ್ಯಾಕ್ ಅಂದರೆ ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಹಾಡು ಫೈಲ್‌ನಲ್ಲಿ ಬರೀ ಅಂಕಿಗಳಾಗಿ ಇರುತ್ತದೆ, ಸ್ಪೀಕರ್‌ಗೆ ಬೇಕಿರುವುದು ಏರಿಳಿಯುವ ವೋಲ್ಟೇಜ್. ಅಂಕಿಯನ್ನು ವೋಲ್ಟೇಜ್ ಮಾಡಿಕೊಡುವ ಚಿಪ್ ಇದು. ನಿಮ್ಮ ಮೊಬೈಲ್, ಟಿವಿ, ಲ್ಯಾಪ್‌ಟಾಪ್ ಎಲ್ಲದರೊಳಗೂ ಒಂದಿದೆ. ನಾನು ತಂದದ್ದು ಯುಎಸ್‌ಬಿಗೆ ಸಿಕ್ಕಿಸುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ.

ಗುಂಯ್ ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಅರ್ಧ ದಿನ ಬೇಕಾಯಿತು. ಕೇಬಲ್ ಬದಲಿಸಿದೆ, ಯುಎಸ್‌ಬಿ ಪೋರ್ಟ್ ಬದಲಿಸಿದೆ. ಕೊನೆಗೆ ತಂಗಿ ತನ್ನ ಮೊಬೈಲ್ ಚಾರ್ಜ್‌ಗೆ ಹಾಕಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಳು. ಸದ್ದು ಥಟ್ಟನೆ ನಿಂತಿತು!

ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ನನ್ನ ಚಾರ್ಜರ್ ಮೂರು ಪಿನ್ನಿನದು, ಆಂಪ್ಲಿಫೈಯರ್ ಕೂಡ ಮೂರು ಪಿನ್ನಿನದು. ಎರಡನ್ನೂ ಹಾಲ್‌ನ ಬೇರೆ ಬೇರೆ ಗೋಡೆಯ ಸಾಕೆಟ್‌ಗೆ ಹಾಕಿದ್ದೆ. ಅರ್ಥಿಂಗ್ ತಂತಿಯ ಮೂಲಕ ಅವು ಒಂದು ಸಲ ಸೇರುತ್ತವೆ. ಯುಎಸ್‌ಬಿ, ಡ್ಯಾಕ್ ಮತ್ತು ಆಡಿಯೊ ಕೇಬಲ್‌ನ ಗ್ರೌಂಡ್ ಮೂಲಕ ಇನ್ನೊಂದು ಸಲ. ಅಲ್ಲಿಗೆ ಒಂದು ದೊಡ್ಡ ಉಂಗುರವಾಯಿತು. ಅದರಲ್ಲಿ ಹರಿಯುವ ಚೂರು ಕರೆಂಟ್ ಹಾಡಿನ ಸಿಗ್ನಲ್ ಜೊತೆ ಸೇರಿಕೊಳ್ಳುತ್ತದೆ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್‌ನದು, ಹಾಗಾಗಿ 50, 100 ಹರ್ಟ್ಸ್‌ನ ಗುಂಯ್. ಅಪ್ಪನಿಗೆ ತಂಬೂರಿಯಂತೆ ಕೇಳಿಸಿದ್ದರಲ್ಲಿ ಅವರ ತಪ್ಪೇನೂ ಇಲ್ಲ.

ಪಕ್ಕದ ಮನೆಯ ಅಣ್ಣ ‘ಆಂಪ್ಲಿಫೈಯರ್ ಪ್ಲಗ್‌ನ ದಪ್ಪ ಪಿನ್ ಮುರಿದುಬಿಡು, ಸರಿಹೋಗುತ್ತೆ’ ಅಂದರು. ಸದ್ದು ಹೋಗುತ್ತದೆ, ನಿಜ. ಆದರೆ ಆಂಪ್ಲಿಫೈಯರ್ ಒಳಗೆ ಎಂದಾದರೂ ತಂತಿ ಸಡಿಲಗೊಂಡು ಲೋಹದ ಕವಚಕ್ಕೆ ತಾಗಿದರೆ ಮುಟ್ಟಿದವರಿಗೆ ಶಾಕ್. ಜೀವ ಉಳಿಸಲೆಂದೇ ಇರುವ ಪಿನ್ ಅದು. ದಯವಿಟ್ಟು ಯಾರೂ ಮುರಿಯಬೇಡಿ. ಎರಡೂ ಪ್ಲಗ್‌ಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದೆ, ಸದ್ದು ಬಹಳ ಕಡಿಮೆಯಾಯಿತು. ಕೇಳುವಾಗ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿದೆ, ಪೂರ್ತಿ ಹೋಯಿತು. ಅದೂ ಆಗದಿದ್ದರೆ ಆಡಿಯೊ ಕೇಬಲ್‌ನ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಸಿಗುತ್ತದೆ. ಒಳಗಿರುವುದು ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು, ಅಷ್ಟೆ.

ಗುಂಯ್ ಹೋದ ಮೇಲೆ ಇನ್ನೊಂದು ಅನುಮಾನ ಹೊಕ್ಕಿತು. ಡ್ಯಾಕ್‌ನಿಂದ ಹಾಡು ನಿಜವಾಗಿ ಚೆಂದವಾಯಿತೇ, ಅಥವಾ ದುಡ್ಡು ಕೊಟ್ಟಿದ್ದಕ್ಕೆ ನನಗೆ ಹಾಗನಿಸುತ್ತಿದೆಯೇ? ತಂಗಿಗೆ ನಾಣ್ಯ ಕೊಟ್ಟೆ. ನಾನು ಬೆನ್ನು ಮಾಡಿ ಕೂರಬೇಕು. ಅವಳು ನಾಣ್ಯ ಚಿಮ್ಮಿ, ಹೆಡ್ ಬಿದ್ದರೆ ಡ್ಯಾಕ್‌ನಿಂದ, ಟೇಲ್ ಬಿದ್ದರೆ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕ್‌ನಿಂದ ಹಾಡು ಹಾಕಬೇಕು. ಹತ್ತರಲ್ಲಿ ಒಂಬತ್ತು ಸರಿ ಹೇಳಿದೆ! ಕುಣಿದಾಡುವಷ್ಟರಲ್ಲಿ ಅವಳು ಕೇಳಿದಳು, ‘ಅಣ್ಣಾ, ಡ್ಯಾಕ್‌ದು ಸ್ವಲ್ಪ ಜೋರಾಗಿದೆ ಅಲ್ವಾ?’

ಹೌದಲ್ಲ. ಒಂದೇ ಹಾಡನ್ನು ಚೂರು ಜೋರಾಗಿ ಕೇಳಿಸಿದರೂ ನಮ್ಮ ಕಿವಿ ಅದನ್ನೇ ಚೆನ್ನಾಗಿದೆ ಎನ್ನುತ್ತದೆ. ಅಂಗಡಿಯವರಿಗೂ ಇದು ಗೊತ್ತಿಲ್ಲದೆ ಇರುತ್ತದೆಯೇ? 100 ಹರ್ಟ್ಸ್‌ನ ಟೋನ್ ಹಾಕಿ, ಲ್ಯಾಬ್‌ಗೆಂದು ಕೊಂಡಿದ್ದ ಮಲ್ಟಿಮೀಟರ್‌ನಿಂದ ಸ್ಪೀಕರ್ ತಂತಿಗಳ ನಡುವಿನ ಎಸಿ ವೋಲ್ಟೇಜ್ ಅಳೆದು ಎರಡನ್ನೂ ಸಮ ಮಾಡಿದೆ. ಮತ್ತೆ ಹತ್ತು ಸಲ. ಈ ಬಾರಿ ಸರಿಯಾಗಿದ್ದು ಆರು. ಕಣ್ಣುಮುಚ್ಚಿ ಹೇಳಿದ್ದರೂ ಐದು ಬರುತ್ತಿತ್ತು.

ಹಾಗಂತ ಡ್ಯಾಕ್ ದಂಡ ಎನ್ನಲಾರೆ. ನನ್ನ ಲ್ಯಾಪ್‌ಟಾಪ್‌ನ ಜ್ಯಾಕ್‌ನಲ್ಲಿ ಮೌಸ್ ಆಡಿಸಿದಾಗಲೆಲ್ಲ ಕಿರ್ ಎನ್ನುತ್ತಿದ್ದ ಸದ್ದು ಡ್ಯಾಕ್‌ನಲ್ಲಿ ಇಲ್ಲ. ಆಲಾಪದ ನಡುವಿನ ಮೌನದಲ್ಲಿ ಅದು ಗೊತ್ತಾಗುತ್ತದೆ. ಆದರೆ ಡಬ್ಬಿಯ ಮೇಲೆ ಅಚ್ಚಾಗಿದ್ದ 32 ಬಿಟ್, 384 ಕಿಲೊಹರ್ಟ್ಸ್ ನೋಡಿ ನಾನು ಮರುಳಾಗಿದ್ದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯದು 16 ಬಿಟ್, 44.1 ಕಿಲೊಹರ್ಟ್ಸ್. ಮನುಷ್ಯರ ಕಿವಿಗೆ ಹೆಚ್ಚೆಂದರೆ 20 ಕಿಲೊಹರ್ಟ್ಸ್‌ವರೆಗೆ ಕೇಳಿಸುತ್ತದೆ. ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಸಾಕು ಎನ್ನುವ ನೈಕ್ವಿಸ್ಟ್ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು ನಾನೇ. ಅಂಗಡಿಯಲ್ಲಿ ಮಾತ್ರ ಅದು ನೆನಪಾಗಲಿಲ್ಲ. ಇನ್ನು ನನ್ನ ಹಳೆಯ ಹಾಡುಗಳೆಲ್ಲ 128 ಕೆಬಿಪಿಎಸ್‌ನ ಎಂಪಿ3. ಅದರಲ್ಲಿ ಕಳೆದುಹೋದದ್ದನ್ನು ಯಾವ ಡ್ಯಾಕ್ ಕೂಡ ವಾಪಸ್ ತರಲಾರದು. ಡ್ಯಾಕ್ ಕೊಳ್ಳುವ ಮುಂಚೆ ಒಳ್ಳೆಯ ಫೈಲ್ ಹುಡುಕಿಕೊಂಡಿದ್ದರೆ ಚೆನ್ನಾಗಿತ್ತು.

ಒಂದು ಅಭ್ಯಾಸ ಮಾತ್ರ ಬದಲಿಸಿಕೊಂಡೆ. ಮೊದಲು ಲ್ಯಾಪ್‌ಟಾಪ್‌ನ ವಾಲ್ಯೂಮ್ ಕಾಲು ಭಾಗ ಇಟ್ಟು ಆಂಪ್ಲಿಫೈಯರ್ ಪೂರ್ತಿ ತಿರುಗಿಸುತ್ತಿದ್ದೆ. ಆಗ ಹಾಡಿನ ಜೊತೆ ಹಿಸ್ ಸದ್ದೂ ಹಿಗ್ಗುತ್ತದೆ. ಈಗ ಆಂಪ್ಲಿಫೈಯರ್ ತಗ್ಗಿಸಿ, ಲ್ಯಾಪ್‌ಟಾಪ್ ಪೂರ್ತಿ ಏರಿಸಿ, ಆಮೇಲೆ ಆಂಪ್ಲಿಫೈಯರ್‌ನಲ್ಲಿ ಬೇಕಾದಷ್ಟು ಕೊಡುತ್ತೇನೆ. ಈ ಕ್ರಮ ತಪ್ಪಿದರೆ ಸ್ಪೀಕರ್‌ಗೂ ಅಮ್ಮನಿಗೂ ಒಟ್ಟಿಗೆ ಎದೆ ಒಡೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಬಂದದ್ದು ಒಂದು ರೂಪಾಯಿಯೂ ಖರ್ಚಿಲ್ಲದ ಕೆಲಸದಿಂದ. ಸ್ಪೀಕರ್‌ಗಳು ಶೋಕೇಸ್ ಒಳಗೆ, ಅಮ್ಮನ ಗೊಂಬೆಗಳ ನಡುವೆ ಕೂತಿದ್ದವು. ಹೊರಗೆ ತೆಗೆದು, ಗೋಡೆಯಿಂದ ಎರಡಡಿ ಮುಂದೆ, ಕೂತವರ ಕಿವಿಯ ಎತ್ತರಕ್ಕೆ ಸ್ಟೂಲ್ ಮೇಲಿಟ್ಟೆ. ಎರಡು ಸ್ಪೀಕರ್ ಮತ್ತು ಅಪ್ಪನ ಕುರ್ಚಿ ಸೇರಿ ಒಂದು ಸಮಬಾಹು ತ್ರಿಕೋನ. ನಮ್ಮ ಹಾಲ್‌ನಲ್ಲಿ ಚಪ್ಪಾಳೆ ತಟ್ಟಿದರೆ ಠಣ್ ಎಂದು ಮಾರ್ದನಿ ಬರುತ್ತಿತ್ತು. ಬರೀ ಮೊಸಾಯಿಕ್ ನೆಲ, ಬರೀ ಗೋಡೆ. ಮದುವೆಮನೆಗಳಿಗಷ್ಟೇ ಹೊರಬರುತ್ತಿದ್ದ ಜಮಖಾನ ಹಾಸಿದೆ, ಕಿಟಕಿಗೆ ದಪ್ಪ ಪರದೆ ಎಳೆದೆ. ಮನ್ಸೂರರು ಎರಡು ಡಬ್ಬಿಗಳ ಒಳಗಿಂದ ಎದ್ದು, ಅವುಗಳ ನಡುವೆ ಬಂದು ಕೂತಂತಾಯಿತು. ತಂಬೂರಿ ಈಗ ಅವರ ಹಿಂದೆ ಇತ್ತು. ನಿಜವಾದ ತಂಬೂರಿ.

ಹಾಲ್‌ನ ನಡುವೆ ಸ್ಟೂಲ್ ನೋಡಿ ಅಮ್ಮ ಒಂದು ವಾರ ಗೊಣಗಿದಳು. ‘ಕಸ ಗುಡಿಸೋರು ಯಾರು?’ ಕೊನೆಗೆ ರಾಜಿಯಾಯಿತು. ದಿನವೆಲ್ಲ ಸ್ಪೀಕರ್ ಗೋಡೆಗೆ, ರಾತ್ರಿ ಊಟದ ನಂತರ ಮುಂದಕ್ಕೆ. ಎಲ್ಲಿಡಬೇಕೆಂದು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದ್ದೇನೆ. ಅಮ್ಮ ನೆಲ ಒರೆಸಿದಾಗಲೆಲ್ಲ ಅಳಿಸಿಹೋಗುತ್ತದೆ, ಮತ್ತೆ ಹಾಕುತ್ತೇನೆ. ಗುಜರಿಯ ಮಾತು ಸದ್ಯಕ್ಕೆ ಎದ್ದಿಲ್ಲ.

ನನ್ನ ಲ್ಯಾಪ್‌ಟಾಪ್‌ನ ಬ್ಯಾಟರಿಗೆ ವಯಸ್ಸಾಗಿದೆ, ಒಂದೂವರೆ ಗಂಟೆಗಿಂತ ಹೆಚ್ಚು ಬರುವುದಿಲ್ಲ. ನಿನ್ನೆ ಶೇ 12ಕ್ಕೆ ಇಳಿದಿತ್ತು. ಚಾರ್ಜರ್ ಹಾಕಲು ಎದ್ದೆ. ‘ಬೇಡ, ಆ ಗುಂಯ್ ಬರುತ್ತೆ. ಇನ್ನೊಂದು ಹಾಡು ಆಗ್ಲಿ’ ಅಂದರು ಅಪ್ಪ, ಕಣ್ಣು ಬಿಡದೆ.